ಕಾಣೆಯಾದ ಅರ್ಧ ಶೀಟು

ಅಕ್ಟೋಬರ್ 12, ಮಧ್ಯಾಹ್ನ

ಇವತ್ತೂ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೇಸ್ತ್ರಿ ಎರ್ರಣ್ಣನ ಮೇಲೆ ಕಣ್ಣಿಡದಿದ್ದರೆ ಆಗದು. ಹಿಂದಿನ ಕೋಣೆಯ ಹಳೇ ಆಸ್ಬೆಸ್ಟಾಸ್ ಶೀಟು ಇಳಿಸಿ ಆರ್‌ಸಿಸಿ ಹಾಕಿಸುವುದು — ಮಗಳು ಸೌಂದರ್ಯಳ ಬಾಣಂತನಕ್ಕೆ. ಮೊಬೈಲಿನಲ್ಲಿ ಓದಿದ್ದೇನೆ. ನೀರು ಹೊಡೆದು ತೋಯಿಸಿಯೇ ಇಳಿಸಬೇಕು. ಒಡೆಯಬಾರದು. ಧೂಳು ಎದೆಗಿಳಿದರೆ ಹೊರಗೆ ಬರುವುದಿಲ್ಲವಂತೆ. ಹೇಳಿದರೆ ನಗುತ್ತಾನೆ.

"ಸುನಂದಕ್ಕಾರ, ತೆಕ್ಕಲಕೋಟ್ಯಾಗ ನಾ ಇದರ ಕೆಳಗಾ ಬೆಳದೀನಿ."

ಮಾಸ್ಕ್ ಕೊಟ್ಟರೆ ಗದ್ದಕ್ಕೆ ಇಳಿಸಿಕೊಂಡ. ಊಟಕ್ಕೆ ಎದ್ದಿದ್ದೇ ತಡ, ಟಕ್ ಎಂದು ಸದ್ದು. ಒಂದು ಶೀಟು ಎರಡು ತುಂಡು. "ತಾನಾ ಸೀಳ್ತು" ಅಂದ. ನಂಬಲೇ?

ಅಕ್ಟೋಬರ್ 15

ಎಲ್ಲ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪು ಹಚ್ಚಿಸಿದೆ. ನಾಳೆ ಇಂಥ ಕಸ ಒಯ್ಯುವ ಗಾಡಿ ಬರುತ್ತದೆ. ಆದರೆ ಒಡೆದದ್ದರಲ್ಲಿ ಅರ್ಧ ಇಲ್ಲ.

ಎರ್ರಣ್ಣನೇ. ಕುರುಗೋಡಿನಲ್ಲಿ ಅವನ ಬೀಗರು ಕೋಳಿಗೂಡು ಕಟ್ಟುತ್ತಿದ್ದಾರೆ ಎಂದು ನಿನ್ನೆ ತಾನೇ ಬಾಯಿಬಿಟ್ಟಿದ್ದ. ಕೇಳಿದೆ. ಮುಖ ಕೆಂಪಾಯಿತು.

"ಆ ತುಂಡು ಒಯ್ದು ನಾ ಏನ್ ಮಾಡ್ಲಿರಿ? ನಂಬಿಕಿ ಇಲ್ಲಂದ್ರ ಬ್ಯಾರೆಯವ್ರನ್ನ ನೋಡ್ಕೊಳ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ... ಸಿರುಗುಪ್ಪದಿಂದ ಬಾಣಂತನಕ್ಕೆಂದು ಮೊದಲೇ ಬಂದಿರುವ ಅವ್ವ ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದಳು. ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಕ್ಟೋಬರ್ 19

ಪರಿಚಯದವರ ಮದುವೆಯ ನೆಪದಲ್ಲಿ ಕುರುಗೋಡಿಗೆ ಹೋಗಿ ಆ ಕೋಳಿಗೂಡು ನೋಡಿ ಬಂದೆ. ಮೇಲೆ ಹೊದಿಸಿದ್ದು ತಗಡು. ಹಾಗಾದರೆ ಬೇರೆ ಯಾರಿಗೋ ದಾಟಿಸಿದ್ದಾನೆ. ಎರ್ರಣ್ಣ ಫೋನ್ ಎತ್ತುತ್ತಿಲ್ಲ. ಉಳಿದ ಕೆಲಸಕ್ಕೆ ಬೇರೆ ಮೇಸ್ತ್ರಿಯನ್ನು ಹಿಡಿಯಬೇಕು.

ಡಿಸೆಂಬರ್ 22

ಮೊಮ್ಮಗಳು ಹೊಸ ಕೋಣೆಗೆ ಬಂದಳು. ಮುಷ್ಟಿ ಬಿಚ್ಚುವುದೇ ಇಲ್ಲ. ನೋಡಿದಷ್ಟೂ ಸಾಲದು. ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಡುವುದು, ಗುಡಿಸುವುದು ಎಲ್ಲ ಅವ್ವನೇ. ನಾನು ಬಗ್ಗಿದರೆ ಬೈಗುಳ.

"ಬಾಣಂತಿ ಕೋಣ್ಯಾಗ ನಿನಗೇನು ಕೆಲ್ಸ? ಅಡಗಿ ನೋಡ್ಹೋಗು."

ಯಾಕೆ ಬಗ್ಗಬಾರದು?

ಡಿಸೆಂಬರ್ 28, ಸಂಜೆ

ಮಂಚದ ಕೆಳಗೆ ಚಟ್ ಎಂದಿತು. ಅವ್ವ ಬಚ್ಚಲಲ್ಲಿದ್ದಳು. ಬಗ್ಗಿ ನೋಡಿದೆ. ಬಾಂಡ್ಲಿಯ ಅಡಿಯಲ್ಲಿ ಅದೇ ಅರ್ಧ ಶೀಟು. ಕಾದು ಸೀಳಿದೆ. ಅಂಚು ಪುಡಿಪುಡಿ.

ಅವ್ವನಿಗೆ ಅಂಜಿಕೆಯೇ ಇಲ್ಲ. "ಹೊಸ ಟೈಲ್ಸ್ ಸೀಳಬಾರ್ದಂತ ನಾನಾ ಎತ್ತಿಟ್ಟಿದ್ದೆ. ಬೆಂಕಿಗಿ ಸುಡಂಗಿಲ್ಲ ಅದು. ಹೇಳಿದ್ರ ನೀ ಬೈತಿದ್ದಿ. ನಿನ್ನ ಬಾಣಂತನದಾಗೂ ಇಂಥಾದ್ದಾ ಇಟ್ಟಿದ್ವಿ. ಸೌಂದರ್ಯಗ ಏನಾತು?"

ಸೌಂದರ್ಯಳನ್ನು ಎಬ್ಬಿಸಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಅದನ್ನು ತೋಯಿಸಿಯೇ ತೆಗೆಯಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಹೋಗಬೇಡಿ ಎಂದು ಕೂಗಿ ಹೇಳಿದ್ದೇನೆ.

ಎರ್ರಣ್ಣನಿಗೆ ಫೋನ್ ಮಾಡಬೇಕು. ಯಾವ ಮುಖ ಇಟ್ಟುಕೊಂಡು... ಮಗು ತೊಡೆಯ ಮೇಲೆ ಸೀನಿತು. ಅವ್ವ ಎಲ್ಲಿ? ಕೋಣೆಯಲ್ಲಿ ಕಸಬರಿಗೆಯ ಸದ್ದು —