ಎಂಬತ್ತಮೂರನೆಯ ಹಾಳೆಯ ಅಂಚು

ಕಪ್ಪತಗುಡ್ಡದ ತಪ್ಪಲು,
ಶ್ರಾವಣ ಐವತ್ತಮೂರನೆಯ ದಿನ, ೨೧೯೧

ಕುಮುದಾ ತಂಗಿಗೆ ನಿಂಬವ್ವ ಕಡಕೋಳ ಮಾಡುವ ಆಶೀರ್ವಾದಗಳು.

ತಾರೀಕು ನೋಡಿ ಹುಬ್ಬೇರಿಸಬೇಡ. ಶ್ರಾವಣಕ್ಕೆ ಐವತ್ತಮೂರು ದಿನ ಎಲ್ಲಿಂದ ಬಂತು ಎನ್ನುತ್ತೀ, ಗೊತ್ತು. ನಮ್ಮಲ್ಲಿ ಮಳೆ ಬೀಳುವ ತನಕ ಶ್ರಾವಣವನ್ನು ಮುಗಿಸುವುದಿಲ್ಲ. ಮಳೆರಾಯನ ಮರ್ಯಾದೆಯೂ ಉಳಿಯಲಿ ಅಂತ ಹಿಂದಿನವರು ಮಾಡಿಟ್ಟ ಏರ್ಪಾಡು. ನನ್ನ ಮಾತುಗಳೂ ನಿನಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೋ. ವರ್ಷ ಎಣಿಸಿದರೆ ನೀನು ನನ್ನ ಮುತ್ತಜ್ಜಿಯ ಅಜ್ಜಿಯ ಓರಗೆಯವಳು. ಆದರೆ ನಿನ್ನ ಕಾಗದಗಳ ಮೇಲೆ ವಯಸ್ಸು ಇಪ್ಪತ್ತೆಂಟು ಎಂದಿದೆ, ನನಗೆ ಅರವತ್ತಾರು. ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ. ತಂಗಿ ಎಂದೇ ಕರೆಯುತ್ತೇನೆ.

ಈ ಪತ್ರ ನಿನಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಗದಗಿನ ದಾಖಲೆಮನೆಯಲ್ಲಿ ಹಿಂದಣ ಪೆಟ್ಟಿಗೆ ಎಂದು ಒಂದಿದೆ. ಅಲ್ಲಿ ಕೆಲಸ ಮಾಡಿದವರು ಜೀವಮಾನದಲ್ಲಿ ಒಮ್ಮೆ, ಹಿಂದಿನ ಕಾಲದ ಒಬ್ಬರಿಗೆ ಕಾಗದ ಬರೆದು ಅದರಲ್ಲಿ ಹಾಕಬಹುದು. ಪೆಟ್ಟಿಗೆ ತೆರೆದಾಗಲೆಲ್ಲ ಖಾಲಿ ಇರುತ್ತದೆ, ಮುಟ್ಟಿತು ಎಂದು ಯಾರೂ ಮರುಪತ್ರ ಬರೆದಿಲ್ಲ. ನಾನು ಮೂವತ್ತೆಂಟು ವರ್ಷ ಜಿಪುಣತನ ಮಾಡಿ ಉಳಿಸಿಕೊಂಡ ಪತ್ರ ಇದು.

ಇಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಯಾರೂ ಹೊರಬೀಳುವಂತಿಲ್ಲ. ಓಣಿಗೊಂದು ತಂಪುಮನೆ ಇದೆ, ಹದಿನೆಂಟು ಮೆಟ್ಟಿಲು ಇಳಿದರೆ ನೆಲದಡಿ ಸಿಗುವ ದೊಡ್ಡ ಕೋಣೆ. ಮುದುಕರು, ಬಾಣಂತಿಯರು, ಅಂಗಡಿಯವರು ಎಲ್ಲ ಅಲ್ಲಿ ಗೋಡೆಗೆ ಒರಗಿ ಕೂರುತ್ತಾರೆ. ಮೊದಲ ತಾಸು ಹರಟೆ, ಎರಡನೆಯ ತಾಸು ಗೊರಕೆ, ಆಮೇಲೆ ತಾನಾಗಿ ಒಂದು ಮೌನ ಬರುತ್ತದೆ. ಇದಕ್ಕೆ ಕೂರಿಕೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಸುಮ್ಮನೆ ಕೂರುವುದನ್ನು ಕಲಿಯಲು ಹತ್ತು ದಿನದ ಶಿಬಿರಕ್ಕೆ ಹೋಗುತ್ತಿದ್ದರೆಂದು ನಿನ್ನ ಕಾಗದಗಳಲ್ಲಿ ಓದಿ ಬಿದ್ದುಬಿದ್ದು ನಕ್ಕೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಮಾತ್ರ ನೀನು ಉಂಡ ಹಾಗೇ ಇವೆ.

ನನ್ನ ಕೆಲಸವೂ ನಿನ್ನದೇ, ಜನರ ಅನುಭವ ಕೇಳುವುದು. ನಮ್ಮ ಮುಂಗೈಯಲ್ಲಿ ನಾಡಿಬಳೆ ಇರುತ್ತದೆ. ನೆತ್ತರು, ನಿದ್ದೆ, ನರದ ಸ್ಥಿತಿ ಎಲ್ಲವನ್ನೂ ಬಣ್ಣದಲ್ಲಿ ತೋರಿಸುತ್ತದೆ. ಆದರೆ ಕೂರಿಕೆಯಲ್ಲಿ ಕಣ್ಣು ಮುಚ್ಚಿದವನಿಗೆ, ಕೈಯಿಟ್ಟು ಗುಣಪಡಿಸುವವರ ಮುಂದೆ ಮಲಗಿದವಳಿಗೆ ಒಳಗೆ ಏನಾಯಿತು ಎನ್ನುವುದು ಬಳೆಗೆ ತಿಳಿಯುವುದಿಲ್ಲ. ಅದನ್ನು ಮನೆಮನೆಗೆ ಹೋಗಿ ಕೇಳಬೇಕು. ಒಳಗೆ ಕೂತು, ಚಹಾ ಕುಡಿದು, ಎಲ್ಲ ಪ್ರಶ್ನೆ ಕೇಳುತ್ತೇವೆ, ಒಂದಕ್ಷರವೂ ಬರೆದುಕೊಳ್ಳುವುದಿಲ್ಲ. ಎದ್ದು ಹೊರಟು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟುವಾಗ ಅವರ ಬಾಯಿಂದ ಏನು ಬರುತ್ತದೋ ಅದನ್ನು ಮಾತ್ರ ಬರೆಯುತ್ತೇವೆ. ಹೊಸ್ತಿಲ ಮಾತು ಎಂದು ಅದರ ಹೆಸರು. ನಮ್ಮ ಜನ ಮನೆಗೆ ಬಂದವರ ಮನಸ್ಸು ನೋಯಿಸುವುದಿಲ್ಲವಲ್ಲ, ಒಳಗೆ ಹೇಳುವುದರಲ್ಲಿ ಅರ್ಧಕ್ಕರ್ಧ ದಾಕ್ಷಿಣ್ಯ. ಹಾಗೆಂದು ಹೊಸ್ತಿಲಲ್ಲಿ ಬರುವುದೆಲ್ಲ ಇಲ್ಲ ಎಂಬ ಮಾತೇ ಎಂದುಕೊಳ್ಳಬೇಡ. ಮುಂಡರಗಿಯ ಒಬ್ಬ ಮೇಷ್ಟ್ರು ಧ್ಯಾನಗೀನ ಎಲ್ಲ ಬೊಗಳೆ ಎಂದು ತಾಸುಗಟ್ಟಲೆ ವಾದಿಸಿ, ನಾನು ಎರಡನೆಯ ಚಪ್ಪಲಿ ಹುಡುಕುತ್ತಿದ್ದಾಗ, “ಒಮ್ಮೆ ಬೆಳಕು ಕಂಡಿತ್ರೀ. ಹೇಣ್ತಿಗೂ ಹೇಳಿಲ್ಲ” ಎಂದು ಕಣ್ಣೊರೆಸಿಕೊಂಡರು.

ಕಳೆದ ವಾರ ನಿನ್ನ ಕಾಗದಗಳ ಕಟ್ಟು ನನ್ನ ಮೇಜಿಗೆ ಬಂತು. ಧ್ಯಾನ ಮಾಡುವವರು, ಕೈಯಿಡಿಸಿಕೊಂಡವರು, ಎಲ್ಲ ಸೇರಿ ನೂರ ನಲವತ್ತು ಜನರ ಹಾಳೆಗಳು. ಬಿಸಿ ಹತ್ತಿತು, ಹಣೆಯಲ್ಲಿ ನೀಲಿ ಬೆಳಕು ಕಂಡಿತು, ಮೈ ಹತ್ತಿಯಾಯಿತು ಎಂದು ಸಾಲುಸಾಲು. ಒಳಗೇ ಕೂತು ಬರೆದುಕೊಂಡಿದ್ದೀಯಲ್ಲ, ಪಾಪದ ಹುಡುಗಿ ಎಂದುಕೊಂಡೆ. ಎಂಬತ್ತಮೂರನೆಯ ಹಾಳೆ ಫಕೀರವ್ವ ಎನ್ನುವವಳದು. ವಯಸ್ಸು ಐವತ್ತೊಂಬತ್ತು, ಹೂ ಮಾರುವವಳು, ತಲೆಯ ಮೇಲೆ ಕೈಯಿಡಿಸಿಕೊಂಡವಳು. ಬಿಸಿ ಹತ್ತಿತೇ? ಹೌದು. ಹಗುರಾಯಿತೇ? ಹೌದು. ಮತ್ತೆ ಬರುವಿರಾ? ಹೌದು. ಪಕ್ಕದ ಅಂಚಿನಲ್ಲಿ ನೀನು ಪೆನ್ಸಿಲಿನಿಂದ ಏನೋ ಬರೆದು ರಬ್ಬರಿನಲ್ಲಿ ಉಜ್ಜಿದ್ದೀ. ಮೇಲೆ ಬೇರೆ ಯಾರದೋ ಕೆಂಪು ಶಾಯಿ: ಪ್ರಶ್ನೆಗೆ ಸಂಬಂಧವಿಲ್ಲ. ನಿನ್ನ ಮೇಲಿನ ಅಧಿಕಾರಿ ಇರಬೇಕು. ಅಕ್ಷರ ಹೋದರೂ ಒತ್ತಿದ ಗುರುತು ಹೋಗಿರಲಿಲ್ಲ. ಹಾಳೆಯನ್ನು ಓರೆ ಹಿಡಿದು ಓದಿದೆ.

“ಹೊರಗೆ ಬಂದ ಮೇಲೆ ಹೇಳಿದ್ದು,” ಎಂದು ಶುರುಮಾಡಿ ಅವಳ ಮಾತನ್ನು ಹಾಗೇ ಇಳಿಸಿದ್ದೀ. “ಏನೂ ಅನಿಸಲಿಲ್ಲ ಬಿಡ್ರೀ ಯವ್ವಾ. ಆದ್ರ ನಮ್ಮನಿಯವರು ಹೋಗಿ ಆರು ವರ್ಷಾತು. ಆವಾಗಿಂದ ಯಾರೂ ನನ್ನ ತಲಿ ಮುಟ್ಟಿದ್ದಿಲ್ಲ. ಅದಕ್ಕ ಮತ್ತ ಬರ್ತೀನಿ ಅಂದೆ.”

ತಂಗಿ, ಅದನ್ನು ಓದಿ ನಾನು ಹಾಳೆ ಕೆಳಗಿಟ್ಟು ನನ್ನ ಬಲಗಾಲನ್ನು ಮುಟ್ಟಿ ನೋಡಿಕೊಂಡೆ. ಯಾಕೆಂದು ಹೇಳಬೇಕು.

ನನಗೆ ಬಲಗಾಲಿನ ನರ ಒಣಗುವ ರೋಗ. ಹುಬ್ಬಳ್ಳಿಯ ಆಸ್ಪತ್ರೆಯವರು, ಸೊಂಟ ಮುಟ್ಟುವ ಮೊದಲು ಬಂದರೆ ಕಾಲು ಉಳಿಸುತ್ತೇವೆ, ತಡಮಾಡಿದರೆ ಜೀವಕ್ಕೂ ಖಾತರಿಯಿಲ್ಲ ಎಂದು ಏಳು ತಿಂಗಳ ಹಿಂದೆಯೇ ಹೇಳಿದ್ದರು. ನನ್ನ ಅಕ್ಕ ಪಾರಕ್ಕ ಕೈಯಿಡುವವಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಈಗ ಅವಳಿಗೆ ಎಪ್ಪತ್ತೈದು. ಒಂದು ಕಾಲಕ್ಕೆ ಅವಳ ಜಗುಲಿ ತುಂಬ ಜನ. ಈಗ ಬರುವವಳು ನಾನೊಬ್ಬಳೇ. “ಹುಬ್ಬಳ್ಳಿ ಎಲ್ಲಿ ಓಡಿ ಹೋಗತೈತಿ, ಮೊದಲ ನಾ ನೋಡ್ತೀನಿ ತಡಿ” ಎಂದು ಅವಳು ದಿನಾ ನನ್ನ ಕಾಲ ಮೇಲೆ ಕೈಯಿಟ್ಟಳು. ದಿನಾ ಕೇಳಿದಳು, “ಬಿಸಿ ಹತ್ತೇತಿಲ್ಲ?” ನಾನು ದಿನಾ ಹೇಳಿದೆ, “ಹತ್ತೇತಿ ಅಕ್ಕಾ.” ಬಳೆ ಕೆಂಪಾಗುತ್ತಿತ್ತು, ಸೆರಗಿನಲ್ಲಿ ಮುಚ್ಚಿಕೊಂಡೆ. ಇಲ್ಲ ಎಂದುಬಿಟ್ಟರೆ ಆ ಕೈಗಳಿಗೆ ಇನ್ನೇನು ಕೆಲಸ ಉಳಿಯುತ್ತದೆ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ನನ್ನನ್ನು ನೋಡಿಯೇ ಕಟ್ಟಿದ ಗಾದೆ. ಊರವರ ದಾಕ್ಷಿಣ್ಯ ಸೋಸಿ ಸತ್ಯ ತೆಗೆಯುವ ನಾನು, ನನ್ನ ದಾಕ್ಷಿಣ್ಯಕ್ಕೆ ನನ್ನ ಕಾಲನ್ನೇ ಕೊಡಲು ಕೂತಿದ್ದೆ. ಜೋಮು ತೊಡೆ ದಾಟಿ ಸೊಂಟದ ಹತ್ತಿರ ಬಂದಿತ್ತು.

ಫಕೀರವ್ವನ ಮಾತು ಓದಿದ ಸಂಜೆ ಅಕ್ಕನ ಮನೆಗೆ ಹೋದೆ. ಒಳಗೆ ಮಾಮೂಲಿನಂತೆ, ಹತ್ತೇತಿ ಎಂದೇ ಹೇಳಿದೆ, ನೋಡು ನನ್ನ ಹಣೆಬರಹ! ಹೊರಗೆ ಬಂದು ಒಂದು ಚಪ್ಪಲಿ ಮೆಟ್ಟಿದೆ. ಇನ್ನೊಂದು ಕಾಲು ಚಪ್ಪಲಿಗೆ ಹೋಗಲೇ ಇಲ್ಲ, ಅದಕ್ಕೆ ಅರಿವೇ ಇರಲಿಲ್ಲ. ಬಾಗಿಲು ಹಿಡಿದುಕೊಂಡು ಹೇಳಿದೆ, “ಅಕ್ಕಾ, ಏಳು ತಿಂಗಳಿಂದ ಒಂದು ದಿನಾನೂ ಬಿಸಿ ಹತ್ತಿಲ್ಲ.”

ಬಯ್ಯುತ್ತಾಳೆ ಅಂದುಕೊಂಡೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. “ನನಗೂ ಹತ್ತಿಲ್ಲ ನಿಂಬೀ,” ಅಂದಳು. “ಮೊದಲೆಲ್ಲ ಕೈ ಝುಂ ಅಂತಿತ್ತು. ಎರಡು ವರ್ಷಾತು, ಏನೂ ಇಲ್ಲ. ನೀ ಬಿಸಿ ಹತ್ತೇತಿ ಅಂತಿದ್ದೆಲ್ಲ, ಇಲ್ಲ ಅಂದ್ರ ನಿನ್ನ ಎದಿ ಒಡದೀತು ಅಂತ ಕೈ ಇಡ್ಕೊಂತ ಬಂದೆ.” ಆಮೇಲೆ ಇಬ್ಬರೂ ಅತ್ತೆವು. ಆಮೇಲೆ ಎಂಥ ಮಳ್ಳಿಯರು ನಾವು ಎಂದು ನಕ್ಕೆವು. ಎದುರು ಮನೆಯವರು ಹೊರಗೆ ಬಂದು ನೋಡಿದರು. ಕಣ್ಣೊರೆಸಿಕೊಂಡು ಅಕ್ಕ ಕೇಳಿದಳು, “ಹಂಗಾರ ಇನ್ನ ಇಡೂದು ಬ್ಯಾಡೇನು?” ನಾನೆಂದೆ, “ಬ್ಯಾಡ ಅಂದಿಲ್ಲ. ಬಿಸಿ ಹತ್ತಿಲ್ಲ ಅಂದೆ.”

ನಾಳೆ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಹುಬ್ಬಳ್ಳಿಗೆ ಹೊರಡುತ್ತೇವೆ. ಕಾಲು ಉಳಿಯುತ್ತದೋ ಇಲ್ಲವೋ ಆಸ್ಪತ್ರೆಯವರು ಹೇಳಲಾರರು, ತಡವಾಗಿದೆ. ನನಗೆ ಹೆದರಿಕೆ ಇದೆ, ಸುಳ್ಳು ಯಾಕೆ ಹೇಳಲಿ. ಅಕ್ಕ ಜೊತೆಗೆ ಬರುತ್ತಾಳೆ. ಒಳಗೆ ಕರೆದೊಯ್ಯುವ ತನಕ ಕೈ ತೆಗೆಯುವುದಿಲ್ಲ ಎಂದು ಡಾಕ್ಟರರಿಗೆ ಈಗಲೇ ತಿಳಿಸಿದ್ದಾಳೆ.

ಆದ್ದರಿಂದ ತಂಗಿ, ನನ್ನದೊಂದು ಕೋರಿಕೆ. ಆ ಅಂಚಿನ ಮಾತನ್ನು ಉಜ್ಜಬೇಡ. ಕೆಂಪು ಶಾಯಿಯವರು ಏನೇ ಹೇಳಲಿ, ಮಸಿಯಲ್ಲಿ ಬರೆದಿಡು. ನೂರ ನಲವತ್ತು ಮನೆಗಳಿಗೂ ಇನ್ನೊಮ್ಮೆ ಹೋಗಿ ಹೊಸ್ತಿಲಲ್ಲಿ ನಿಂತು ಕೇಳು. ಈ ಹಾಳೆಗಳಿಂದ ನೀನು ಮಾಡಹೊರಟ ಪುಸ್ತಕ ತಡವಾದರೆ ಆಗಲಿ.

ಇಷ್ಟು ಬರೆದು ಪತ್ರ ಮುಗಿಸಿದ್ದೆ. ಪಾರಕ್ಕ ದಾರಿಗೆ ಬುತ್ತಿ ಕಟ್ಟುತ್ತ, ಏನು ಬರೆದಿದ್ದೀ ಓದು ಎಂದಳು. ಓದಿದೆ. ನಿನ್ನ ಹಾಳೆ, ಅಂಚು, ಕೆಂಪು ಶಾಯಿ, ಎಲ್ಲ ಕೇಳಿಸಿಕೊಂಡು, ರೊಟ್ಟಿಯ ಗಂಟನ್ನು ಅರ್ಧಕ್ಕೆ ಬಿಟ್ಟು ನನ್ನ ಮುಖ ನೋಡಿದಳು. “ಹಾಳಿ ಉಳಿಸು ಅಂತ ಬರದೀಯಲ್ಲ, ನಿನಗ ಬುದ್ಧಿ ಐತಿ? ಆ ಹುಡುಗಿ ಕಾಲದಾಗ ಫಕೀರವ್ವ ಇನ್ನೂ ಅದಾಳೋ ಇಲ್ಲೋ?”

ಇದ್ದಾಳೆ ಎಂದೆ.

“ಮತ್ತ ಹೋಗಂತ ಹೇಳ. ಹಾಳಿ ಗೀಳಿ ಬಿಟ್ಟು, ಲಗೂನ ಹೋಗಿ ಅಕಿ ತಲಿ ಮುಟ್ಟಂತ ಹೇಳ.”

ಮೂವತ್ತೆಂಟು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಅವಳ ವಿಳಾಸ ಹಾಳೆಯ ಮೇಲೆಯೇ ಇದೆ. ಹೋಗು, ತಂಗಿ.