ಪುಟ್ಟಿ ಎಂದು ಕರೆದವನು

ಮನೆ, ಮಹಡಿ ಕೋಣೆ
ಬುಧವಾರ, ಮಾರ್ಚ್ ೧೨

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಮರಗೆಲಸದ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಇರಬೇಕಂತೆ, ಹೊಟ್ಟಿನ ಧೂಳಂತೆ. ಮೂಗಿಗೆ ಬಟ್ಟೆಯಾದರೂ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೇಳಿದ ಮಾತು ಕೇಳುವ ಜಾಯಮಾನ ನಿನ್ನದಲ್ಲ, ಆದರೂ ಹೇಳುತ್ತೇನೆ. ನಿನ್ನ ವಿಳಾಸ ಸಿಕ್ಕಿದ್ದು ನಿನ್ನೆ, ಸೈಕಲ್ ಅಂಗಡಿಯ ನಿನ್ನ ಗೆಳೆಯನಿಂದ. ಯಾರಿಗೂ ಕೊಡಬೇಡ ಎಂದಿದ್ದೆಯಂತೆ. ಅವನನ್ನು ಬೈಯಬೇಡ. ನಾನು ಗಿರಾಕಿಗಳ ಎದುರೇ ಗೊಳೋ ಎಂದು ಅತ್ತುಬಿಟ್ಟೆ, ಪಾಪ, ಅವನು ತಾನೇ ಏನು ಮಾಡಿಯಾನು.

ನೀನು 'ಇನ್ಮೇಲೆ ಇದನ್ನ ನೀನೇ ಸಾಕ್ಕೋ' ಎಂದು ಬಾಗಿಲು ಬಡಿದು ಹೋಗಿ ಹದಿನಾಲ್ಕು ತಿಂಗಳಾಯಿತು. ಇದು ಎಂದರೆ ನಮ್ಮ 'ಹಂದರ'. ಜನ ತಮ್ಮ ವೆಬ್‌ಸೈಟ್‌ಗಳನ್ನು ಕಟ್ಟಿಕೊಳ್ಳಲಿ ಎಂದು ನಾವಿಬ್ಬರೂ ಹತ್ತು ವರ್ಷ ಕೂತು ಬರೆದು, ಕೋಡ್ ಸಮೇತ ಬಿಟ್ಟಿಯಾಗಿ ಹಂಚಿದ್ದು. ಬಿಟ್ಟಿ ಕೊಟ್ಟವರಿಗೆ ಸಿಗುವ ಬೈಗುಳ ನಿನಗೆ ಗೊತ್ತೇ ಇದೆ, ಅದನ್ನು ತಡೆಯಲಾರದೇ ತಾನೇ ನೀನು ಹೋದದ್ದು. ಒಬ್ಬನ ಫಾರ್ಮ್ ಎರಡೆರಡು ಸಲ ಹೋಗುತ್ತದೆ, ಇನ್ನೊಬ್ಬನಿಗೆ ಪುಟವೇ ತೆರೆಯುವುದಿಲ್ಲ, ಮತ್ತೊಬ್ಬ ಆರು ವರ್ಷದ ಹಳೇ ಆವೃತ್ತಿ ಇಟ್ಟುಕೊಂಡು 'ನಿಮಗೆ ಮಾನ ಮರ್ಯಾದೆ ಇದ್ಯಾ?' ಎಂದು ನನ್ನನ್ನು ಕೇಳುತ್ತಾನೆ. ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ದೂರುಗಳ ಪಟ್ಟಿ ತೆರೆಯುತ್ತಿದ್ದೆ. ಮುನ್ನೂರು ದಾಟಿದ ಮೇಲೆ ಎಣಿಸುವುದನ್ನೂ ಬಿಟ್ಟೆ. ನಿನ್ನ ಮೇಲೆ ನನಗೆಷ್ಟು ಸಿಟ್ಟಿತ್ತೆಂದರೆ, ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ಆಗ ಒಬ್ಬ ಬಂದ. ಹೆಸರಿಲ್ಲ, ಚಿತ್ರವಿಲ್ಲ. ದಿನಕ್ಕೊಂದು ದೂರು ತಾನೇ ಬಿಡಿಸಿ ತಿದ್ದುಪಡಿ ಕಳಿಸತೊಡಗಿದ. ಅಚ್ಚುಕಟ್ಟು ಕೆಲಸ, ಒಂದು ಅಲ್ಪವಿರಾಮ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೇ ವಾರ ನಮ್ಮ ಭಾಷೆಯಲ್ಲೇ ಬರೆದ: 'ಪುಟ್ಟಿ, ಇದನ್ನ ಮುಟ್ಬೇಡ, ನಾನ್ ನೋಡ್ಕೋತೀನಿ.' ನನ್ನನ್ನು ಪುಟ್ಟಿ ಎನ್ನುವವರು ಪ್ರಪಂಚದಲ್ಲಿ ಎಷ್ಟು ಜನರಿದ್ದಾರೆ ಹೇಳು! ನೀನು ಅಣ್ಣ ತಾನೇ ಎಂದು ಕೇಳಿದೆ. 'ಕೇಳ್ಬೇಡ, ಕೆಲಸ ಮಾಡು' ಎಂದ. ಥೇಟ್ ನೀನೇ! ಹಟಮಾರಿ, ಸೋತೆ ಎಂದು ಒಪ್ಪಿಕೊಳ್ಳಲಾಗದೆ ವೇಷ ಹಾಕಿಕೊಂಡು ಬಂದಿದ್ದಾನೆ ಎಂದು ಒಬ್ಬಳೇ ನಕ್ಕೆ. ಮನೆಯ ಕಷ್ಟಸುಖವನ್ನೆಲ್ಲ ಅವನಿಗೆ ಬರೆಯತೊಡಗಿದೆ. ಹೊಸ ಆವೃತ್ತಿಯನ್ನು ನನ್ನನ್ನು ಕೇಳದೆಯೇ ಬಿಡುಗಡೆ ಮಾಡುವ ಅಧಿಕಾರವನ್ನೂ ಕೈಯಾರೆ ಕೊಟ್ಟೆ. ಅದು ಮೊದಲಿನಿಂದ ನಿನ್ನದೇ ಅಲ್ಲವೇ, ಅದಕ್ಕೇ ಎರಡನೇ ಸಲ ಯೋಚಿಸಲಿಲ್ಲ.

ಹೋದ ವಾರ ಅವನೊಂದು ಆವೃತ್ತಿ ಬಿಟ್ಟ. ಶನಿವಾರ ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವಾತ, ಹೊಸದನ್ನು ಹಾಕಿದ ಮೇಲೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ದೂರಿದ. ಅರ್ಧ ಸೆಕೆಂಡಿಗೆ ಯಾಕಿಷ್ಟು ಬಾಯಿ ಬಡಿದುಕೊಳ್ಳುತ್ತಾನೆ ಎಂದುಕೊಂಡೆ. ಡೇಟಾಬೇಸ್ ನೋಡಿದೆ, ಸರ್ವರ್ ನೋಡಿದೆ, ಎಲ್ಲ ಸರಿಯಿತ್ತು. ಕೊನೆಗೆ ಸೋಮವಾರ ನಮ್ಮ ಕೋಡನ್ನೂ, ಜನ ಇಳಿಸಿಕೊಳ್ಳಲೆಂದು ಅವನು ಬಿಟ್ಟ ಪೊಟ್ಟಣವನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಿದೆ. ಪೊಟ್ಟಣದಲ್ಲಿ ಮೂವತ್ತು ಸಾಲು ಹೆಚ್ಚಿಗೆ ಇದ್ದವು. ಲಾಗಿನ್ ಆದವರೆಲ್ಲರ ಪಾಸ್‌ವರ್ಡನ್ನು ಅವು ಹೊರಗಿನ ಯಾವುದೋ ವಿಳಾಸಕ್ಕೆ ಕಳಿಸುತ್ತಿದ್ದವು.

ಸೋಮವಾರವೇ ಊರಿಗೆಲ್ಲ ಸಾರಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ಒಂದು ಇಡೀ ದಿನ ಕೂತೆ, ಯಾಕೆಂದರೆ ನಿನ್ನನ್ನು ಹಿಡಿದುಕೊಡುತ್ತಿದ್ದೇನೆ ಎಂದೇ ನಂಬಿದ್ದೆ. 'ಒಂದಿನ ನಾನೇ ಇದನ್ನ ಕೆಡವ್ತೀನಿ' ಎಂದವನು ನೀನೇ ಅಲ್ಲವೇ? ಆ ಒಂದು ದಿನದಲ್ಲಿ ಎಷ್ಟು ರೋಗಿಗಳ ಕಡತ ಯಾರ ಕೈ ಸೇರಿತೋ ನನಗೆ ಗೊತ್ತಿಲ್ಲ. ನಿನ್ನೆ ನಿನ್ನನ್ನು ಹುಡುಕಿಕೊಂಡು ಹೋಗಿ ಇದನ್ನೆಲ್ಲ ಹೇಳಿದಾಗ ನಿನ್ನ ಗೆಳೆಯ ಬೆಪ್ಪಾಗಿ ನನ್ನ ಮುಖ ನೋಡಿದ. 'ಅವನಾ? ಕಂಪ್ಯೂಟರ್ ಮುಟ್ಟಿ ವರ್ಷದ ಮೇಲಾಯ್ತು ಕಣಮ್ಮ, ಅವನ ಹತ್ರ ಫೋನೂ ಇಲ್ಲ' ಎಂದ. ಮನೆಗೆ ಬಂದು ನಮ್ಮ ಹಳೇ ಕೋಡ್ ತೆರೆದೆ. ಸಾಲುಗಳ ನಡುವೆ ನೀನು ನನಗೆ ಬರೆದಿಟ್ಟ ಟಿಪ್ಪಣಿಗಳು, 'ಪುಟ್ಟಿ, ಇದನ್ನ ಮುಟ್ಬೇಡ', 'ಪುಟ್ಟಿ, ಕೇಳ್ಬೇಡ', ಹತ್ತು ವರ್ಷದ್ದೆಲ್ಲ ಹಾಗೇ ಇವೆ, ಯಾರು ಬೇಕಾದರೂ ಓದಬಹುದು. ಅವನು ಕೂತು ಓದಿದ್ದಾನೆ, ಅಷ್ಟೇ. ಅವನ ಅಧಿಕಾರ ಕಿತ್ತುಹಾಕಿ, ಆ ಆವೃತ್ತಿಯನ್ನು ಹಿಂತೆಗೆದು, ತಪ್ಪು ನನ್ನದೇ ಎಂದು ಎಲ್ಲರಿಗೂ ಬರೆದಿದ್ದೇನೆ. ಉಗಿಯುತ್ತಿದ್ದಾರೆ, ಉಗಿಯಲಿ.

ನಿನ್ನನ್ನು ಕಳ್ಳನೆಂದುಕೊಂಡೆ, ಕ್ಷಮಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಯಂತ್ರದ ಹತ್ತಿರ ಕೈ ಜೋಪಾನ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಹೋಗಿ ಇವತ್ತಿಗೆ ಒಂಬತ್ತು ದಿನ. ಆಸ್ಪತ್ರೆಗೆ ಸೇರಿಸಿದ ದಿನವೇ 'ಅಣ್ಣಾ, ಅಮ್ಮ ನಿನ್ನನ್ನೇ ಕೇಳ್ತಿದಾಳೆ, ಬೇಗ ಬಾ' ಎಂದು ಬರೆದೆ, ಅವನಿಗೆ. 'ಬರೋಕಾಗಲ್ಲ, ನೀನು ಅಲ್ಲೇ ಇರು, ಇಲ್ಲಿ ಬಿಡುಗಡೆ ಕೆಲಸ ನಾನು ಮುಗಿಸ್ತೀನಿ' ಎಂದು ಉತ್ತರ ಬಂತು. ಅಮ್ಮ ಕಣ್ಣು ಬಿಟ್ಟಾಗಲೆಲ್ಲ 'ಅವನಿಗೆ ತಿಳಿಸಿದ್ಯೇನೇ?' ಎನ್ನುತ್ತಿದ್ದಳು. ಕೊನೆಗೊಮ್ಮೆ ಸಿಟ್ಟಿನಲ್ಲಿ ಹೇಳಿಬಿಟ್ಟೆ: 'ತಿಳಿಸಿದೀನಿ ಅಮ್ಮಾ, ಬರೋಕಾಗಲ್ಲ ಅಂದ.' ಆಮೇಲೆ ಅವಳು ನಿನ್ನ ಹೆಸರೆತ್ತಲಿಲ್ಲ.