ಧೂಳಿಲ್ಲದ ನಲವತ್ತು ಮನೆ

ಬುಧವಾರ, 12 ಮಾರ್ಚ್ 2025. ಸಡಾ, ಬಂದರಿನ ಪಕ್ಕದ ಗುಡ್ಡ.

ಕಲ್ಲಿದ್ದಲು ರಾಶಿ ಹಾಕುವ ಅಂಗಳವನ್ನು ಇನ್ನೂ ದೊಡ್ಡದು ಮಾಡಿದರೆ ಸುತ್ತಲಿನವರಿಗೆ ತೊಂದರೆಯೇ ಎಂದು ತಿಳಿಯುವ ಸಮೀಕ್ಷೆ ಇಂದು ಮುಗಿಯಿತು. 'ಮನೆಯೊಳಗೆ ಕಪ್ಪು ಧೂಳು ಕಂಡಿತೇ?' ಎಂಬಲ್ಲಿ ನಲವತ್ತು ಮನೆಗೂ 'ಇಲ್ಲ' ಎಂದು ಬರೆದೆ.

ಅವುಗಳಲ್ಲೊಂದಾದ ಬಾಳಮ್ಮನ ಮನೆಯ ನೆಲ ಇನ್ನೂ ಒದ್ದೆಯಾಗಿತ್ತು. ಚಾವಣಿಯ ತಗಡನ್ನೂ ತೊಳೆದಿದ್ದಳು. ಮೂಲೆಯಲ್ಲಿ ಮೊಮ್ಮಗಳು ಒಂದೇ ಸಮ ಕೆಮ್ಮುತ್ತಿದ್ದಳು.

"ಯಾಕ ತೊಳದಿ ಯವ್ವಾ?"

"ಆಫೀಸಿನಾವ್ರು ಬರ್ತೇವಂತ ನಿನ್ನೆ ನೀವ ಹೇಳಿ ಹೋದ್ರೆಲ್ರಿ. ಹೊಲಸ ಮನ್ಯಾಗ ಹ್ಯಾಂಗ ಕುಂದ್ರಸೂದ್ರಿ? ಓಣಿ ಮಂದೆಲ್ಲಾ ಕೂಲಿ ಬಿಟ್ಟ ತೊಳದೇವ್ರಿ."

ಹೌದು, ನಾನೇ ಹೇಳಿದ್ದೆ. ಅದು ನನ್ನ ಸೌಜನ್ಯ.

ನಾಳೆ ಹೇಳದೆ ಹೋಗಿ ಮತ್ತೆ ನೋಡುತ್ತೇನೆ ಎಂದು ಸಂಜೆ ಮೇಲಧಿಕಾರಿ ರಘುವೀರರನ್ನು ಬೇಡಿಕೊಂಡೆ. "ಕಂಡದ್ದ ಬರದೀರಿ. ಕಾಣದ್ದಕ್ಕ ಕಾಲಂ ಇಲ್ರಿ," ಎಂದು ನಕ್ಕು, ನನ್ನ ಎದುರೇ ವರದಿ ಕಳಿಸಿಬಿಟ್ಟರು.

ಕಾಗದದಲ್ಲಿ ಧೂಳಿಲ್ಲ, ಆದ್ದರಿಂದ ಗೋಳಿಲ್ಲ. ಪ್ರಾಸ ಎಷ್ಟು ಚೆನ್ನಾಗಿ ಕೂತಿದೆ ಎಂದರೆ ನನಗೇ ಹೇಸಿಗೆ.

ನಾನು ಹೊರಡುವಾಗ ಬಾಳಮ್ಮ ಬಾಗಿಲವರೆಗೆ ಬಂದು ಕೇಳಿದ್ದಳು, "ಸಾಹೇಬ್ರ, ನಮ್ಮ ಮನಿ ಚಲೋ ಐತಂತ ಬರದ್ರೆಲ್ರಿ?"

ಬರೆದಿದ್ದೇನವ್ವ. ಭಾಳ ಚಲೋ ಐತಿ ಅಂತಲೇ ಬರೆದಿದ್ದೇನೆ.